ಹಳದಿ ಪಟ್ಟಿಯವರ ಕೆಮ್ಮು

ಶಹಾಪುರದ ಡಾಕ್ಟರ್ ಸಂಗಮನಾಥನಿಗೆ ನಾನು ದೃಷ್ಟಿ ತೆಗೆದ ಸುದ್ದಿಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಹೊಟ್ಟೆಕಿಚ್ಚಿಗೆ ಮಾಡಿದಳು ಎನ್ನುವವರಿದ್ದಾರೆ, ತಲೆ ಕೆಟ್ಟು ಮಾಡಿದಳು ಎನ್ನುವವರೂ ಇದ್ದಾರೆ. ಮಾಡಿದವಳು ನಾನು, ಹೇಳುವವಳೂ ನಾನೇ ಆಗಲಿ. ಹೊಟ್ಟೆಕಿಚ್ಚಲ್ಲ, ಸೇಡು. ಬಾಯಿ ತುಂಬ ಹೇಳುತ್ತೇನೆ, ನನಗೆ ಯಾರಪ್ಪನ ಅಂಜಿಕೆ?

ನನ್ನ ಹೆಸರು ಮೌನಮ್ಮ. ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಹೆತ್ತ ಮಗಳೆಂದು ಅಪ್ಪ ಅವ್ವ ಆ ಹೆಸರಿಟ್ಟರು, ಬಾಯಿ ಮಾತ್ರ ಅವರ ಮಾತು ಕೇಳಲಿಲ್ಲ. ಸುರಪುರದ ರಂಗಂಪೇಟೆಯಲ್ಲಿ ನಮ್ಮದೊಂದು ಖಾರದ ಗಿರಣಿ ಇದೆ. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಗಳ ಹೆಂಗಸರು ಒಣಮೆಣಸಿನಕಾಯಿ ಕಟ್ಟಿಕೊಂಡು ಬಂದು ಸಾಲಾಗಿ ಕೂಡುತ್ತಾರೆ. ಮಷೀನು ನೋಡಿಕೊಳ್ಳುವವನು ನನ್ನ ಗಂಡ ಸಾಬಣ್ಣ, ಮಂದಿಯನ್ನು ನೋಡಿಕೊಳ್ಳುವವಳು ನಾನು. ಖಾರದ ಘಾಟಿಗೆ ನಮ್ಮಲ್ಲಿ ದಿನವಿಡೀ ಕೆಮ್ಮು, ಸೀನು. ಹೊಸಬರು ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಓಡುತ್ತಾರೆ, ನಾವು ನಗುತ್ತೇವೆ.

ಅತ್ತೆ ಮಲ್ಲಾಬಾಯಿಯದು ಬೇರೆ ಕೆಲಸ. ರಂಗಂಪೇಟೆಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಕರೆ ಬರುತ್ತಿದ್ದುದು ಆಕೆಗೆ. ಬಾಣಂತಿಗೆ ಎಣ್ಣೆ ತಿಕ್ಕಿ, ಸುಡುನೀರು ಹಾಕಿ, ಹಳೆಯ ಸೀರೆಯಿಂದ ಹೊಟ್ಟೆ ಕಟ್ಟುವವಳು ಆಕೆ. ಕಟ್ಟುವಾಗ ಸೀರೆಯ ಒಂದು ತುದಿಯನ್ನು ಇನ್ನೊಬ್ಬರು ಜಗ್ಗಿ ಹಿಡಿದಿರಬೇಕು. ಬಾಣಂತಿ ಸುತ್ತು ತಿರುಗುತ್ತ ಹಿಡಿದವರ ಕಡೆಗೆ ಬರಬೇಕು, ಅತ್ತೆ ಪ್ರತಿ ಸುತ್ತನ್ನೂ ಅಂಗೈಯಿಂದ ಒತ್ತಿ ಕೂಡಿಸುತ್ತ ಹೋಗಬೇಕು. ಹಿಡಿದವರು ಸ್ವಲ್ಪ ಸಡಿಲ ಬಿಟ್ಟರೂ ಸಾಕು, ಬೈಗುಳ ಬೀಳುತ್ತಿತ್ತು. ಬಾಣಂತಿಯ ಗಂಡನೇ ಹಿಡಿದಿದ್ದರೂ ಅಷ್ಟೇ, ಗೌಡರ ಮನೆಯ ಹಿರಿಸೊಸೆ ಹಿಡಿದಿದ್ದರೂ ಅಷ್ಟೇ. ಆ ಬೈಗುಳ ತಿನ್ನದ ಮನೆ ನಮ್ಮ ಓಣಿಯಲ್ಲಿ ಇಲ್ಲವೇ ಇಲ್ಲ.

ಹೋದ ವರ್ಷದ ಹಿಂದಿನ ವರ್ಷ ಸಂಕ್ರಾಂತಿಯ ಹೊತ್ತಿಗೆ ನನ್ನ ಕರುಳು ತೊಡಕು ಬಿದ್ದು ಹೊಟ್ಟೆ ಉಬ್ಬಿ ಸಾಯುವಂತಾಯಿತು. ಸಾಬಣ್ಣ ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ಶಹಾಪುರಕ್ಕೆ ಒಯ್ದ. ಡಾಕ್ಟರ್ ಸಂಗಮನಾಥ ಹೊಟ್ಟೆ ಕೊಯ್ದು ಕರುಳು ಬಿಡಿಸಿ ಜೀವ ಉಳಿಸಿದ. ಅದನ್ನು ಇಲ್ಲವೆನ್ನುವ ಕೃತಘ್ನಳು ನಾನಲ್ಲ. ಆದರೆ ಆಗ ಅವನು ಒಂದು ಸಂಶೋಧನೆ ಹಚ್ಚಿದ್ದ. ಕೊಯ್ದ ಹೊಟ್ಟೆಯನ್ನು ಒಳಗಿನಿಂದ ಮುಚ್ಚುವುದಕ್ಕೆ ಎರಡು ಥರದ ಹೊಲಿಗೆ: ಒಂದು ಎಲ್ಲ ಡಾಕ್ಟರರೂ ಹಾಕುವ ನಿಧಾನದ ಹೊಲಿಗೆ, ಇನ್ನೊಂದು ಇವನೇ ಹೊಂದಿಸಿಕೊಂಡ ಜಲ್ದಿ ಹೊಲಿಗೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ. ಹಳೆಯ ಹೊಲಿಗೆಯವರ ಮುಂಗೈಗೆ ಬಿಳಿ ಪಟ್ಟಿ, ಹೊಸ ಹೊಲಿಗೆಯವರಿಗೆ ಹಳದಿ. ಒಂದು ವರ್ಷ ಬಿಟ್ಟು ಯಾರ ಹೊಲಿಗೆ ನಿಂತಿದೆ, ಯಾರದು ಬಿಟ್ಟಿದೆ ಎಂದು ಹೋಲಿಸಿ ನೋಡುವುದು. ನನಗೆ ಹಳದಿ ಬಂತು. ನನ್ನ ಪಕ್ಕದ ಮಂಚದಲ್ಲಿದ್ದ ಕಕ್ಕೇರಿಯ ರೇಣಮ್ಮನಿಗೂ ಹಳದಿಯೇ.

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಬಾಣಂತಿಯಂತೆಯೇ ಇಟ್ಟಳು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದನ್ನು ಆಕೆ ದೇವರ ಮಾತಿನಂತೆ ಹಿಡಿದಳು. ಕೊಡದ ಮಾತು ಬಿಡಿ, ನೀರಿನ ತಂಬಿಗೆಗೆ ಕೈ ಹಾಕಿದರೂ ಹೊಡೆದು ಬಿಡಿಸುತ್ತಿದ್ದಳು. ನಳದ ನೀರು ತಾನೇ ತಂದಳು, ಗಿರಣಿಯ ಚೀಲಗಳನ್ನು ತಾನೇ ಎಳೆದಳು. ಆ ವಯಸ್ಸಿನಲ್ಲಿ ಸೊಂಟ ಹಿಡಿದುಕೊಂಡು ನಡೆಯುವಂತಾದರೂ ನನ್ನನ್ನು ಹೊರಸಿನಿಂದ ಇಳಿಯಗೊಡಲಿಲ್ಲ. ಹೆತ್ತ ತಾಯಿ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಇಷ್ಟಾದರೂ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗಾಯದ ಗುರುತಿನ ಕೆಳಗೆ ಒಂದು ಗಡ್ಡೆ ಕಾಣಿಸಿಕೊಂಡಿತು. ಮಲಗಿದರೆ ಒಳಗೆ ಹೋಗುತ್ತಿತ್ತು, ಕೆಮ್ಮಿದರೆ ನಿಂಬೆಹಣ್ಣಿನಷ್ಟು ಹೊರಗೆ ನೂಕುತ್ತಿತ್ತು. ಒಳಗಿನ ಹೊಲಿಗೆ ಬಿಟ್ಟು ಕರುಳು ಚರ್ಮದಡಿಗೆ ಬರುತ್ತಿದೆ ಎಂದು ಸುರಪುರದ ಕಂಪೌಂಡರನೇ ಹೇಳಿದ. ಹತ್ತಿಕುಣಿಯಿಂದ ನನ್ನನ್ನು ನೋಡಲು ಬಂದಿದ್ದ ಅಣ್ಣ ಶ್ರೀಮಂತನ ಜೊತೆ ಶಹಾಪುರಕ್ಕೆ ಹೋದೆ. ಸಂಗಮನಾಥ ಗಾಯದ ಮೇಲೆ ಬೆರಳಿಟ್ಟು ಕೆಮ್ಮು ಎಂದ. ಕೆಮ್ಮಿದೆ. ಗಡ್ಡೆ ಅವನ ಬೆರಳಿಗೆ ಬಡಿಯಿತು. ಅವನ ಮುಖ ಒಂದು ಗಳಿಗೆ ಸಪ್ಪಗಾದದ್ದನ್ನು ನಾನು ನೋಡಿದ್ದೇನೆ, ಯಾರು ಏನೇ ಹೇಳಲಿ.

ಆಮೇಲೆ ಕೈ ತೊಳೆದುಕೊಂಡು, ನಮ್ಮದು ಏನು ಉದ್ಯೋಗ ಎಂದು ಕೇಳಿದ. ಗಿರಣಿ ಎಂದೆ. ಅಲ್ಲಿಗೆ ಅವನಿಗೆ ಉತ್ತರ ಸಿಕ್ಕಿಬಿಟ್ಟಿತು. ಚೀಲ ಎತ್ತಿದ್ದೀ ಎಂದ. ಇಲ್ಲರೀ, ತಂಬಿಗೆ ಸಹ ಎತ್ತಿಲ್ಲ, ನಮ್ಮ ಅತ್ತೆ ಎತ್ತಗೊಟ್ಟಿಲ್ಲ ಎಂದೆ. ಅವನು ನನ್ನ ಕಡೆ ನೋಡಲೇ ಇಲ್ಲ, ಅಣ್ಣನ ಕಡೆ ತಿರುಗಿದ.

"ಗಿರಣಿ ಮನಿ ಸೊಸಿ ಅಂದಮ್ಯಾಲ ಭಾರ ಎತ್ತಿಸದs ಬಿಡ್ತಾರೇನು? ಅತ್ತಿ ಎತ್ತಿಸ್ಯಾಳ, ಈಕಿ ಅಂಜಿ ಹೇಳವಲ್ಲಳು. ಅದಕ್ಕ ನನ್ನ ಹೊಲಿಗಿ ಏನ್ ಮಾಡ್ತದ?"

ಪಕ್ಕದಲ್ಲಿ ನಿಂತಿದ್ದ ಸಣ್ಣ ಡಾಕ್ಟರನಿಗೆ, ಈ ಪೇಷಂಟನ್ನು ಸಂಶೋಧನೆಯಿಂದ ತೆಗೆದುಬಿಡು, ಮಾತು ಕೇಳದವರ ಹೊಟ್ಟೆ ನಮ್ಮ ಲೆಕ್ಕಕ್ಕೆ ಬೇಡ ಎಂದ. ಅಷ್ಟೇ. ನನ್ನ ಹೊಟ್ಟೆ ಇದ್ದೂ ಇಲ್ಲದಂತಾಯಿತು.

ಅಣ್ಣನಿಗೆ ಡಾಕ್ಟರರ ಮಾತೆಂದರೆ ಮುಗಿಯಿತು. ನೇರ ರಂಗಂಪೇಟೆಗೆ ಬಂದು, ಮಂದಿ ತುಂಬಿದ್ದ ಗಿರಣಿಯ ಮುಂದೆ ನಿಂತು, ಅತ್ತೆಯನ್ನು ಹೊರಗೆ ಕರೆದ. ನಮ್ಮ ಹೆಣ್ಣುಮಗಳ ಹೊಟ್ಟೆ ಹರಿದವಳು ಎಂದ. ಇನ್ನೂ ಏನೇನೋ ಅಂದ, ಅವನ್ನು ನಾನು ಬಾಯಿಂದ ಆಡುವುದಿಲ್ಲ. ನಾನು ಕಿರುಚಿದೆ, ಮೌನೇಶ್ವರನ ಆಣೆ ಹಾಕಿದೆ. ಪಾಪ, ಅತ್ತೆಗೆ ಅಂಜಿ ಹಾಗೆ ಹೇಳುತ್ತಾಳೆ ಎಂದರು ಮಂದಿ. ನಾನು! ಹುಟ್ಟಿದಾಗಿನಿಂದ ಯಾರಿಗೂ ಅಂಜದ ನಾನು ಅಂಜುಬುರುಕಿ ಆಗಿಬಿಟ್ಟೆ.

ಅಂದಿನಿಂದ ಅತ್ತೆಗೆ ಕರೆ ಬರುವುದು ನಿಂತಿತು. ಸ್ವಂತ ಸೊಸೆಯ ಹೊಟ್ಟೆ ಬಿಡುವಂತೆ ಮಾಡಿದವಳು ಮಂದಿಯ ಹೊಟ್ಟೆ ಏನು ಕಟ್ಟುತ್ತಾಳೆ ಎಂದು ಓಣಿಯಲ್ಲಿ ಮಾತಾಯಿತು. ಗೋಡೆಯಾಚೆಯ ಮನೆಯ ಮಗಳು ಹೆತ್ತಾಗ ಕೆಂಭಾವಿಯಿಂದ ಬೇರೆ ಯಾರನ್ನೋ ಕರೆಸಿದರು. ಬೆಳಿಗ್ಗೆ ಆ ಕಡೆ ಬಚ್ಚಲಲ್ಲಿ ಬಾಣಂತಿಗೆ ನೀರು ಹಾಕುವ ಸಪ್ಪಳ ಕೇಳುತ್ತಿತ್ತು, ಈ ಕಡೆ ಅತ್ತೆ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಹೊಟ್ಟೆ ಕಟ್ಟುವ ಹಳೆಯ ಸೀರೆಗಳನ್ನೆಲ್ಲ ಒಗೆದು ಮಡಚಿ ಟ್ರಂಕಿಗೆ ಹಾಕಿಬಿಟ್ಟಳು. ಬೈಯುವುದನ್ನೂ ಬಿಟ್ಟಳು. ಬೈಯದ ಮಲ್ಲಾಬಾಯಿಯನ್ನು ನೋಡಿ ಸಾಬಣ್ಣ ಒಂದು ದಿನ ಮಷೀನಿನ ಹಿಂದೆ ನಿಂತು ಅತ್ತ.

ಒಂದು ಮಧ್ಯಾಹ್ನ ಆಕೆ ನನ್ನ ಹತ್ತಿರ ಬಂದು ಕುಳಿತಳು. ನನ್ನ ಸೆರಗು ಸರಿಪಡಿಸುತ್ತ ಕೇಳಿದಳು.

"ಮೌನಿ, ಖರೇ ಹೇಳು. ನಾ ಯಾವಾಗರ ನಿನ್ನ ಕೈಲೆ ಏನರ ಎತ್ತಿಸಿದ್ನೇನು? ನನಗs ನೆನಪ ಹೋಗ್ಯಾದೇನು?"

ನನ್ನ ಮೈಯೆಲ್ಲ ಉರಿದುಹೋಯಿತು. ಗಡ್ಡೆ ನನ್ನ ಹೊಟ್ಟೆಯಲ್ಲಿದ್ದರೆ ಇರಲಿ, ಅದಕ್ಕೆ ಇನ್ನೊಂದು ಆಪರೇಷನ್ ಮಾಡಿದರಾಯಿತು. ಈಕೆಯ ತಲೆಯೊಳಗೆ ಅವನು ಹಾಕಿದ ಗಡ್ಡೆಯನ್ನು ಯಾರು ತೆಗೆಯಬೇಕು? ಅವತ್ತೇ ನಿರ್ಧಾರ ಮಾಡಿದೆ. ಆ ಸಂಗಮನಾಥ ನಾಲ್ಕು ಮಂದಿಯ ಮುಂದೆ ನಿಂತು, ಹೊಲಿಗೆ ಬಿಟ್ಟದ್ದು ತನ್ನದು, ಮಲ್ಲಾಬಾಯಿ ಏನೂ ಎತ್ತಿಸಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ನಾನು ಅವನನ್ನು ಬಿಡುವುದಿಲ್ಲ.

ದಾರಿ ತೋರಿಸಿದ್ದು ಗಿರಣಿಯೇ. ಮುಂದಿನ ಬೇಸಿಗೆಯಲ್ಲಿ ರೇಣಮ್ಮ ಮೆಣಸಿನಕಾಯಿ ಕುಟ್ಟಿಸಲು ಬಂದಳು. ಮಷೀನು ಸುರುವಾಯಿತು, ಘಾಟು ಎದ್ದಿತು, ಎಲ್ಲರೂ ಕೆಮ್ಮಿದರು. ಉಳಿದವರ ಕೈ ಬಾಯಿಗೆ ಹೋಯಿತು. ರೇಣಮ್ಮನ ಕೈ ಕೆಮ್ಮಿಗಿಂತ ಮೊದಲು ಹೊಟ್ಟೆಗೆ ಹೋಗಿ, ಹೊಕ್ಕುಳ ಕೆಳಗೆ ಗಟ್ಟಿಯಾಗಿ ಒತ್ತಿ ಹಿಡಿಯಿತು. ಆ ಕೈ ನನಗೆ ಗೊತ್ತು. ನನ್ನದೂ ಹಾಗೆಯೇ ಹೋಗುತ್ತದೆ. ಗಡ್ಡೆ ಹೊರಗೆ ನೂಕುವುದನ್ನು ತಡೆಯಲು ಮನಸ್ಸು ಹೇಳುವ ಮೊದಲೇ ಕೈ ಹೋಗಿರುತ್ತದೆ.

ಆಕೆಯನ್ನು ಚೀಲಗಳ ಹಿಂದೆ ಕರೆದೊಯ್ದು ಸೆರಗು ಸರಿಸಿ ನೋಡಿದೆ. ನನ್ನದಕ್ಕಿಂತ ದೊಡ್ಡ ಗಡ್ಡೆ. ವರ್ಷ ತುಂಬಿದಾಗ ದವಾಖಾನೆಯವರು ವಿಚಾರಿಸಲಿಲ್ಲವೇ ಎಂದೆ. ವಿಚಾರಿಸಿದರು, ಫೋನು ಮಾಡಿದ್ದರು ಎಂದಳು.

"ಆರಾಮ್ ಅದೀರೇನ್ರಿ ಅಂತ ಕೇಳಿದ್ರು. ಆರಾಮ್ ಅದೀನ್ರಿ ಅಂದೆ. ಫೋನ್ ಇಟ್ಟಬಿಟ್ರು."

ಹಣೆ ಹಣೆ ಬಡಿದುಕೊಂಡೆ. ನಮ್ಮ ಕಡೆ ಯಾರಾದರೂ ಆರಾಮೇ ಎಂದು ಕೇಳಿದರೆ, ಸಾಯಲು ಬಿದ್ದವರೂ ಮೊದಲು ಆರಾಮ್ ಎಂದೇ ಹೇಳುವುದು. ಆಮೇಲೆ ಮಳೆ ಬೆಳೆ ಮಾತಾಡಿ, ಮಕ್ಕಳು ಮರಿ ಕೇಳಿ, ಚಹಾ ಕುಡಿದು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಅಂದಹಾಗೆ ಈ ಕಡೆ ಒಂದು ಸ್ವಲ್ಪ ನೋವು ನೋಡ್ರಿ ಎಂದು ಖರೆ ಸುದ್ದಿ ತೆಗೆಯುತ್ತೇವೆ. ಕೇಳಿದ ಕೂಡಲೇ ನೋವು ಹೇಳಿಕೊಳ್ಳುವುದು ಕೇಳಿದವರ ಮೇಲೆ ಬಿದ್ದ ಹಾಗೆ. ಫೋನು ಮಾಡಿದವರು ಎಲ್ಲಿಯವರೋ, ಮೊದಲ ಆರಾಮಿಗೇ ಗುಣವಾಗಿದೆ ಎಂದು ಎಣಿಸಿ ಇಟ್ಟುಬಿಟ್ಟಿದ್ದರು. ಸಂಗಮನಾಥ ಇಲ್ಲಿಯವನೇ, ಶಹಾಪುರದಲ್ಲೇ ಹುಟ್ಟಿ ಬೆಳೆದವನು. ನಮ್ಮ ಆರಾಮ್ ಎಂಥದ್ದು ಎಂದು ಅವನಿಗಾದರೂ ತಿಳಿಯಬಾರದೇ? ಬೇಕಾದ ಉತ್ತರ ಬಂದಾಗ ಯಾರು ತಿರುಗಿ ಕೇಳುತ್ತಾರೆ?

ಆ ಬೇಸಿಗೆಯೆಲ್ಲ ನಾನು ಮಂದಿಯ ಮುಖ ನೋಡಲಿಲ್ಲ, ಕೆಮ್ಮುವಾಗ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಹುಣಸಗಿಯ ಭಾಗಮ್ಮ ಸಿಕ್ಕಳು, ಇನ್ನೂ ಕೆಲವರು ಸಿಕ್ಕರು. ಎಲ್ಲರೂ ಹಳದಿ ಪಟ್ಟಿಯವರು. ಹಳದಿಯವರಲ್ಲೂ ಗಟ್ಟಿ ಇದ್ದವರು ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಹೊಲಿಗೆ ಬಿಟ್ಟವರನ್ನೆಲ್ಲ, ನನ್ನ ಜೊತೆ ಬಂದು ಡಾಕ್ಟರನ ಮುಂದೆ ಹೇಳ್ರಿ ಎಂದು ಕೈ ಮುಗಿದು ಕೇಳಿದೆ. ಒಬ್ಬಳೂ ಒಪ್ಪಲಿಲ್ಲ. ಜೀವ ಉಳಿಸಿದವರ ಮುಂದೆ ಹೇಗೆ ಹೇಳುವುದು ಎಂದಳು ಭಾಗಮ್ಮ. ನಿಮ್ಮ ಅತ್ತೆಗೆ ಅಂದಂತೆ ನಮ್ಮ ಮನೆಯವರಿಗೂ ಅಂದರೆ ಎಂದಳು ರೇಣಮ್ಮ. ಆಯಿತು, ನೀವು ಬಾಯಿ ಬಿಡಬೇಡಿರಿ, ನಿಮ್ಮ ಕೈಯಿಂದಲೇ ಹೇಳಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ದಸರೆಯ ಮುಂಚೆ ರೇಣಮ್ಮನಿಗೆ ಮತ್ತೆ ಫೋನು ಬಂತು. ಡಾಕ್ಟರರ ಸಂಶೋಧನೆ ಮುಗಿದಿದೆ, ಹೊಸ ಹೊಲಿಗೆಯೇ ಗೆದ್ದಿದೆ, ಶಹಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಸನ್ಮಾನ ಇಟ್ಟಿದ್ದಾರೆ, ಹಳದಿ ಪಟ್ಟಿಯವರೆಲ್ಲ ಬರಬೇಕು, ಗಾಡಿ ಕಳಿಸುತ್ತೇವೆ ಎಂದು. ಕಲಬುರಗಿಯಿಂದ ದೊಡ್ಡ ಸರ್ಜನ್ ಒಬ್ಬರು ಬಂದು ಅವನ ಕೈಗೆ ಫಲಕ ಕೊಡುವವರಿದ್ದರು. ನನಗೆ ಕರೆ ಎಲ್ಲಿಂದ ಬರಬೇಕು? ನಾನು ಲೆಕ್ಕದಲ್ಲೇ ಇರಲಿಲ್ಲ. ರೇಣಮ್ಮನ ಫೋನಿನಿಂದಲೇ ದವಾಖಾನೆಯವರಿಗೆ ಮಾತಾಡಿ, ಸುರಪುರದ ಹೆಣ್ಣುಮಕ್ಕಳು ಡಾಕ್ಟರರಿಗೆ ದೃಷ್ಟಿ ತೆಗೆಯಬೇಕೆಂದಿದ್ದೇವೆ ಎಂದೆ. ಅವರಿಗೆ ಖುಷಿಯೋ ಖುಷಿ. ಫೋಟೋ ಚೆನ್ನಾಗಿ ಬರುತ್ತದೆ ಎಂದರು.

ದೃಷ್ಟಿ ತೆಗೆಯುವುದು ಹೇಗೆಂದು ಹೇಳಬೇಕಾಗಿಲ್ಲ. ಉಪ್ಪು, ನಾಲ್ಕು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಅರ್ಥ. ನನಗೆ ಬೇಕಾಗಿದ್ದುದು ಘಾಟು. ಬ್ಯಾಡಗಿ ಕಾಯಿ ಬಣ್ಣಕ್ಕೆ, ಅದನ್ನು ಮುಟ್ಟಲಿಲ್ಲ. ಗುಂಟೂರು ಕಾಯಿಯನ್ನೇ ಆರಿಸಿ, ಬೀಜ ಉದುರಿದ ಪುಡಿ ಸೇರಿಸಿ ಚೀಲ ತುಂಬಿಕೊಂಡೆ. ಹತ್ತಿಕುಣಿಯ ಅಣ್ಣನಿಗೂ ಫೋನು ಮಾಡಿ, ನೀನು ನಂಬಿದ ಡಾಕ್ಟರರ ಸನ್ಮಾನ ಇದೆ, ತಪ್ಪದೆ ಬಾ ಎಂದೆ. ಉಳಿದವಳು ಅತ್ತೆ. ಮನೆ ಬಿಟ್ಟು ಹೊರಗೆ ಕಾಲಿಡದಿದ್ದವಳನ್ನು ಶಹಾಪುರದವರೆಗೆ ಒಯ್ಯುವುದು ಹೇಗೆ? ಹೊಟ್ಟೆ ಬಹಳ ನೋಯುತ್ತಿದೆ, ಶಹಾಪುರಕ್ಕೆ ಹೋಗಬೇಕು ಎಂದೆ. ಆಕೆ ಟ್ರಂಕು ತೆರೆದು, ದಾರಿಯಲ್ಲಿ ಬೇಕಾದೀತೆಂದು ಒಂದು ಹಳೆಯ ಸೀರೆ ಬಗಲಿಗಿಟ್ಟುಕೊಂಡು ಹೊರಟೇಬಿಟ್ಟಳು.

ಮಂಟಪದಲ್ಲಿ ತಂಪು ಗಾಳಿಯ ಮಷೀನು ಹಾಕಿ ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ನನಗೆ ಅದೂ ಅನುಕೂಲವೇ ಆಯಿತು. ಹಳದಿಯವರನ್ನು ಮುಂದಿನ ಸಾಲುಗಳಲ್ಲಿ ಕೂಡಿಸಿದ್ದರು. ಅವರ ನಡುವೆ, ಎಲ್ಲರಿಗಿಂತ ಮುಂದೆ, ಸಂಗಮನಾಥನ ತಾಯಿ ದೇವಕ್ಕ ಕುಳಿತಿದ್ದಳು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಮಗನನ್ನು ನೋಡುತ್ತ ಕಣ್ಣು ಮಿಟುಕಿಸದ ಮುದುಕಿ. ಅತ್ತೆಯನ್ನು ನಾನು ಪಕ್ಕದ ಗೋಡೆಯ ಹತ್ತಿರ ಕೂಡಿಸಿದೆ. ಅಣ್ಣ ಹಿಂದಿನ ಸಾಲಿನಲ್ಲಿದ್ದ.

ಸಂಗಮನಾಥ ಮಾತಾಡಿದ. ಹಳೆಯ ಹೊಲಿಗೆಗೂ ತನ್ನ ಹೊಲಿಗೆಗೂ ಹೋಲಿಸಿ ಪರದೆಯ ಮೇಲೆ ಗೆರೆಗಳನ್ನು ತೋರಿಸಿದ. ತನ್ನದರಲ್ಲಿ ಆಪರೇಷನ್ ಬೇಗ ಮುಗಿಯುತ್ತದೆ, ವರ್ಷ ಕಳೆದರೂ ಒಬ್ಬರ ಹೊಲಿಗೆಯೂ ಬಿಟ್ಟಿಲ್ಲ ಎಂದ. ಇದರ ಮೇಲೆ ತನಗೆ ಎಷ್ಟು ನಂಬಿಕೆ ಎಂದರೆ, ತನ್ನ ಹೆತ್ತ ತಾಯಿಗೂ ಇದೇ ಹೊಲಿಗೆ ಹಾಕಿದ್ದೇನೆ ಎಂದು ದೇವಕ್ಕನ ಕಡೆ ಕೈ ತೋರಿಸಿದ. ಜನ ಚಪ್ಪಾಳೆ ಹೊಡೆದರು. ಕಡೆಗೆ ಮೈಕು ಹಿಡಿದು ಹಳದಿಯವರನ್ನು, ಎಲ್ಲರೂ ಆರಾಮ್ ಅದೀರೇನ್ರಿ ಎಂದು ಕೇಳಿದ. ಆರಾಮ್ ಅದೀವ್ರಿ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ರೇಣಮ್ಮನೂ ಹೇಳಿದಳು, ಭಾಗಮ್ಮನೂ ಹೇಳಿದಳು. ಕಲಬುರಗಿಯ ಸರ್ಜನರು ತಲೆದೂಗಿದರು.

ದೃಷ್ಟಿ ತೆಗೆಯಲು ಕರೆದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೋದೆ. ಅಡುಗೆಯವರ ಒಲೆಯಿಂದ ಕಬ್ಬಿಣದ ಬುಟ್ಟಿಯ ತುಂಬ ಕೆಂಡ ತರಿಸಿ ಸ್ಟೂಲಿನ ಮೇಲೆ ಇಡಿಸಿದ್ದೆ. ಅವನು ನನ್ನನ್ನು ಗುರುತಿಸಲಿಲ್ಲ, ನಗುತ್ತ ಕಣ್ಣು ಮುಚ್ಚಿ ನಿಂತ. ಮೇಲಿಂದ ಕೆಳಗೆ ನಿವಾಳಿಸಿದೆ. ಬಾಯಲ್ಲಿ ಏನು ಅಂದೆನೆಂದರೆ, ನಮ್ಮ ಅತ್ತೆ ಗೋಡೆಗೆ ಒರಗಿ ಕುಳಿತ ದಿನಗಳೆಲ್ಲ ನಿನಗೆ ತಟ್ಟಲಿ ಎಂದೆ. ಆಮೇಲೆ ಚೀಲವನ್ನು ಪೂರ್ತಿ ಕೆಂಡದ ಮೇಲೆ ಕೊಡವಿದೆ.

ಹೊಗೆ ಒಮ್ಮೆಲೇ ಎದ್ದಿತು. ಅಷ್ಟಕ್ಕೆ ಬಿಡಲಿಲ್ಲ. ಎಲ್ಲರ ದೃಷ್ಟಿಯೂ ಹೋಗಲಿ ಎಂದು ಬುಟ್ಟಿಯ ಕಿವಿಗಳನ್ನು ಒದ್ದೆ ಬಟ್ಟೆಯಿಂದ ಹಿಡಿದು ಎತ್ತಿಕೊಂಡು ಮುಂದಿನ ಸಾಲುಗಳ ಉದ್ದಕ್ಕೂ ನಡೆದೆ. ಆಪರೇಷನ್ ಆದ ಮೇಲೆ ನಾನು ಎತ್ತಿದ ಮೊದಲ ಭಾರ ಅದು. ಮಂಟಪಕ್ಕೆ ಮಂಟಪವೇ ಕೆಮ್ಮತೊಡಗಿತು. ನನಗೂ ಕೆಮ್ಮು ಒತ್ತರಿಸಿ ಬಂತು. ಎರಡೂ ಕೈಯಲ್ಲಿ ಬುಟ್ಟಿ, ಹೊಟ್ಟೆ ಹಿಡಿಯಲು ಕೈಯಿಲ್ಲ. ಒಳಗಿನಿಂದ ಹರಿದು ಬಂದಂತೆ ನೋವಾಯಿತು, ಕಣ್ಣಿಗೆ ಕತ್ತಲೆ ಬಂತು. ಬುಟ್ಟಿ ಇಳಿಸಲಿಲ್ಲ. ಇಳಿಸಿದ್ದರೆ ನಾನು ಮಲ್ಲಾಬಾಯಿಯ ಸೊಸೆಯೇ ಅಲ್ಲ.

ಆಗ ಕೈಗಳು ಹೋದವು. ಹಿಂದೆ ಕುಳಿತಿದ್ದ ಊರ ಮಂದಿಯ ಕೈ ಬಾಯಿಗೆ, ಮೂಗಿಗೆ. ಮುಂದಿನ ಸಾಲಿನ ಎಷ್ಟೋ ಹೆಂಗಸರ ಕೈ, ಗಂಡಸರ ಕೈ, ಒಂದೇ ಜಾಗಕ್ಕೆ, ಹೊಟ್ಟೆಯ ನಡುವಿಗೆ. ಈಗಷ್ಟೇ ಆರಾಮ್ ಎಂದವರು ಬಗ್ಗಿ ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದು ಕೆಮ್ಮುತ್ತಿದ್ದರು. ಕಲಬುರಗಿಯ ಸರ್ಜನರಿಗೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಅವರು ಕರವಸ್ತ್ರ ತೆಗೆದು ಆ ಕೈಗಳನ್ನೇ ನೋಡುತ್ತಿದ್ದರು. ಆಯುಷ್ಯವೆಲ್ಲ ಹೊಟ್ಟೆ ನೋಡಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಯಾರೋ ಬಾಗಿಲು ತೆರೆದರು, ಬುಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹೊರಗೆ ಒಯ್ದರು. ಸಂಗಮನಾಥ ನೀರಿನ ಬಾಟಲಿ ಹಿಡಿದು ತಾಯಿಯ ಕಡೆ ಓಡಿ ಬಂದ. ಬಂದವನು ಆಕೆಯ ಮುಂದೆ ಹಾಗೆಯೇ ನಿಂತುಬಿಟ್ಟ. ಅವನು ನೋಡುತ್ತಿದ್ದ ಕಡೆ ನಾನೂ ನೋಡಿದೆ. ದೇವಕ್ಕ ಕೆಮ್ಮುತ್ತಿದ್ದಳು, ಇಳಕಲ್ ಸೀರೆಯ ಮೇಲೆ ಆಕೆಯ ಎರಡೂ ಕೈ ಹೊಟ್ಟೆಯನ್ನು ಒತ್ತಿ ಹಿಡಿದಿದ್ದವು.

ಇದನ್ನು ನಾನು ಹೂಡಿರಲಿಲ್ಲ. ಮೌನೇಶ್ವರನ ಆಣೆಗೂ ನನಗೆ ಗೊತ್ತಿರಲಿಲ್ಲ.

ಅವನು ಮಂಡಿಯೂರಿ ತಾಯಿಯ ಕೈ ಸರಿಸಿ ತನ್ನ ಬೆರಳಿಟ್ಟ. ಆಕೆ ಇನ್ನೊಮ್ಮೆ ಕೆಮ್ಮಿದಳು. ಅವನ ಮುಖ, ಅವತ್ತು ನನ್ನ ಹೊಟ್ಟೆ ಮುಟ್ಟಿದಾಗ ಒಂದು ಗಳಿಗೆ ಆದಂತೆ ಆಗಿ, ಈ ಸಲ ಹಾಗೆಯೇ ಉಳಿಯಿತು. ಯಾವಾಗಿನಿಂದ ಎಂದು ಕೇಳಿದ. ಮುದುಕಿ ಅವನ ತಲೆ ನೇವರಿಸಿದಳು.

"ಆರಾಮ್ ಅದೀನಪ್ಪ. ನೀ ಅಷ್ಟ ಕಷ್ಟಪಟ್ಟು ಮಾಡೀದಿ, ನಂದೊಂದರಿಂದ ಯಾಕ ಕೆಡಬೇಕು ಅಂತ ಸುಮ್ಮನಿದ್ದೆ."

ಅಯ್ಯೋ ಎಂದರು ಯಾರೋ. ನನಗೆ ಅಯ್ಯೋ ಅನ್ನಿಸಲಿಲ್ಲ. ಗೋಡೆಯ ಹತ್ತಿರ ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದ ನನ್ನ ಅತ್ತೆ ಕಾಣುತ್ತಿದ್ದಳು, ಹಿಂದಿನ ಸಾಲಿನಲ್ಲಿ ನನ್ನ ಅಣ್ಣ ಕಾಣುತ್ತಿದ್ದ. ತಲೆಯ ಮೇಲಿನ ಸೆರಗು ತೆಗೆದು, ಬಿದ್ದಿದ್ದ ಮೈಕು ಎತ್ತಿಕೊಂಡೆ. ಗಂಟಲು ಉರಿದುಹೋಗಿತ್ತು, ಆದರೂ ಮಾತು ಬಂತು.

"ಡಾಕ್ಟ್ರೇ, ನಿಮ್ಮವ್ವ ಯಾರ ಗಿರಣ್ಯಾಗ ಚೀಲ ಎತ್ತಿದ್ರು?"

ಅವನು ತಲೆ ಎತ್ತಿದ. ಆಗ ನನ್ನನ್ನು ಗುರುತಿಸಿದ. ದೇವಕ್ಕನನ್ನು ಮಗ ನೆಲಕ್ಕೆ ಕಾಲಿಡಗೊಡದೆ ನೋಡಿಕೊಳ್ಳುತ್ತಾನೆ ಎಂದು ಇಡೀ ಶಹಾಪುರಕ್ಕೆ ಗೊತ್ತು. ನಾನು ಮತ್ತೆ ಕೇಳಿದೆ. ನಿಮ್ಮ ಮನೆಯಲ್ಲಿ ಯಾರು ಎತ್ತಿಸಿದರು, ನಿಮ್ಮ ಹೆಂಡತಿಯೇ, ನ್ಯಾಯವಾಗಿ ಹೇಳಿರಿ ಎಂದೆ. ದೇವಕ್ಕನ ಹಿಂದೆ ಕುಳಿತಿದ್ದ ಅವನ ಹೆಂಡತಿ ಎದ್ದು ನಿಂತು ಅಳತೊಡಗಿದಳು. ಅಳಲಿ ಎಂದುಕೊಂಡೆ. ನಮ್ಮ ಮನೆಯಲ್ಲೂ ಅತ್ತಿದ್ದರು.

ಕಲಬುರಗಿಯ ಸರ್ಜನರು ಫಲಕವನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಹಳದಿ ಬಿಳಿ ಎರಡೂ ಕಡೆಯ ಪ್ರತಿಯೊಬ್ಬರ ಹೊಟ್ಟೆಯನ್ನೂ ಕೈಯಿಟ್ಟು ನೋಡುವವರೆಗೆ ಈ ಸಂಶೋಧನೆ ಎಲ್ಲೂ ಹೋಗುವುದಿಲ್ಲ, ತೆಗೆದುಹಾಕಿದವರನ್ನೂ ಕರೆಸಬೇಕು, ಹೊಲಿಗೆ ಬಿಟ್ಟವರಿಗೆಲ್ಲ ಮತ್ತೆ ಆಪರೇಷನ್ ಆಗಬೇಕು ಎಂದು ನಿಂತಲ್ಲೇ ಹೇಳಿದರು. ಅದು ಅವರ ನ್ಯಾಯ. ನನ್ನದು ಇನ್ನೂ ಬಾಕಿ ಇತ್ತು. ಮೈಕನ್ನು ಸಂಗಮನಾಥನ ಮುಂದೆ ಹಿಡಿದು, ಗೋಡೆಯ ಕಡೆ ತೋರಿಸಿದೆ.

"ಅಗೋ, ನಮ್ಮ ಅತ್ತಿ ಅಲ್ಲಿ ಕುಂತಾಳ. ಆಕಿಗಿ ಹೇಳ್ರಿ. ಎಲ್ಲಾರಿಗೂ ಕೇಳಂಗ ಹೇಳ್ರಿ."

ಅವನು ಮಂಡಿಯಿಂದ ಎದ್ದ. ಗೋಡೆಯ ಕಡೆ ತಿರುಗಿದ. ಆಮೇಲೆ ಹೇಳಿದ.

"ಹೊಲಿಗಿ ನಂದು, ಬಿಟ್ಟದ್ದೂ ನಂದs. ಅವ್ವಾರು ಏನೂ ಎತ್ತಿಸಿಲ್ಲ. ನಾ ನೋಡದs ಅಂದೆ. ತಪ್ಪಾತ್ರಿ."

ಹಿಂದಿನ ಸಾಲಿನಲ್ಲಿ ಅಣ್ಣ ತಲೆ ಮೇಲೆ ಟವಲು ಹಾಕಿಕೊಂಡ. ನನಗೆ ತಣ್ಣಗಾಯಿತೇ ಎಂದು ಕೇಳಿದರೆ, ಆಯಿತು. ಸುಳ್ಳು ಯಾಕೆ ಹೇಳಲಿ?

ಅತ್ತೆ ಎದ್ದಳು. ನನ್ನ ಹತ್ತಿರ ಬರುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ನನ್ನನ್ನು ದಾಟಿ ಹೋದಳು. ಡಾಕ್ಟರನನ್ನೂ ದಾಟಿ, ಇನ್ನೂ ಕೆಮ್ಮುತ್ತ ಹೊಟ್ಟೆ ಹಿಡಿದುಕೊಂಡಿದ್ದ ದೇವಕ್ಕನ ಮುಂದೆ ನಿಂತು, ಎದ್ದು ನಿಂದ್ರವ್ವ ಎಂದಳು. ದೇವಕ್ಕ ಎದ್ದಳು. ಅತ್ತೀ, ಆಕಿ ಅವನ ತಾಯಿ, ಅವನ ತಾಯಿ, ಎಂದು ಕೂಗಬೇಕೆನ್ನಿಸಿತು. ಆಪರೇಷನ್ ಆಗುವವರೆಗೆ ಸದ್ಯಕ್ಕಾದರೂ ಕಟ್ಟಿರಲಿ, ನೋವು ತಡೆಯುತ್ತದೆ ಎಂದು ಅತ್ತೆ ಆಕೆಗೆ ಹೇಳುತ್ತಿದ್ದಳು. ಕಲಬುರಗಿಯವರು ಬೇಡ ಎನ್ನಲಿಲ್ಲ. ರೇಣಮ್ಮ, ಭಾಗಮ್ಮ ಎಲ್ಲರೂ ಎದ್ದು ಬಂದು ಸುತ್ತ ಮರೆ ಕಟ್ಟಿ ನಿಂತರು.

ಗಂಟು ಬಿಚ್ಚಿ ಅತ್ತೆ ಹಳೆಯ ಸೀರೆಯನ್ನು ನೀಳಕ್ಕೆ ಮಡಚಿದಳು. ತುದಿ ಹಿಡಿಯಲು ಒಬ್ಬರು ಬೇಕಿತ್ತು. ಆಕೆ ನನ್ನ ಕಡೆ ನೋಡಿದಳು, ನಾನು ಮುಖ ತಿರುಗಿಸಿದೆ. ಆಕೆ ಇನ್ನೊಬ್ಬರನ್ನು ಹುಡುಕಲಿಲ್ಲ, ತುದಿಯನ್ನು ಸಂಗಮನಾಥನ ಕೈಗೆ ಕೊಟ್ಟಳು.

ಅವನು ಹಿಡಿದ. ದೇವಕ್ಕ ಸುತ್ತು ತಿರುಗುತ್ತ ಮಗನ ಕಡೆಗೆ ಬರತೊಡಗಿದಳು, ಅತ್ತೆ ಒಂದೊಂದು ಸುತ್ತನ್ನೂ ಅಂಗೈಯಿಂದ ಒತ್ತಿ ಕೂಡಿಸುತ್ತಿದ್ದಳು. ನಡುವೆ ಒಮ್ಮೆ ಸೀರೆ ಜೋತುಬಿತ್ತು.

"ಏ ಮೂಳಾ, ಸಡ್ಲ ಬಿಟ್ಟಿ ನೋಡು. ಕೈಯಾಗ ಜೀವ ಇಲ್ಲೇನು? ಗಟ್ಟಿ ಹಿಡಿ."

ಇಡೀ ಮಂಟಪಕ್ಕೆ ಕೇಳುವಂತೆ ಬೈದಳು ನನ್ನ ಅತ್ತೆ. ಆ ದನಿ ಕೇಳಿ ಎಷ್ಟು ದಿನವಾಗಿತ್ತೋ. ನಾನು ಹೊಟ್ಟೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತೆ. ಅವನು ತೋಳಿನಿಂದ ಕಣ್ಣು ಒರೆಸಿಕೊಂಡು ಸೀರೆಯ ತುದಿಯನ್ನು ಮತ್ತೆ ಜಗ್ಗಿ ಹಿಡಿದ.